ಸ್ವಿಚ್ ಆರಿಸಿದರೂ ನಿಲ್ಲದ ಹಳ್ಳದ ಕರೆಂಟು

ಚಾರ್ಮಾಡಿ ಘಾಟಿಯ ಬುಡದಲ್ಲಿ, ತೋಟದ ಕೂಲಿಯನ್ನೇ ನಂಬಿದ ಕುಟುಂಬವೊಂದರ ಹಿತ್ತಿಲಲ್ಲಿ ಕಂಡ ಆ ಪೆಲ್ಟನ್ ಚಕ್ರವನ್ನು ಮರೆಯಲಾಗುತ್ತಿಲ್ಲ. ಊಟದ ತಟ್ಟೆಯಷ್ಟೇ ಅಗಲ, ಅಂಚಿನ ಸುತ್ತ ಪುಟ್ಟ ಬಟ್ಟಲುಗಳು. ಗುಡ್ಡದ ಮೇಲಿನ ತೊರೆಯ ನೀರು ಪಿವಿಸಿ ಪೈಪಿನಲ್ಲಿ ಇಳಿದು, ನಾಜಲ್‌ನಿಂದ ಚಿಮ್ಮಿ ಬಟ್ಟಲುಗಳಿಗೆ ಬಡಿಯುತ್ತದೆ. ಜೊತೆಗೇ ಜನರೇಟರ್ ತಿರುಗುತ್ತದೆ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಬಿದ್ದರೆ, ದಾರಿಯಲ್ಲಿ ಪೋಲಾಗುವುದನ್ನು ಕಳೆದೂ 800 ವ್ಯಾಟ್‌ನಷ್ಟು ಸಿಗುತ್ತದೆ. ಬಲ್ಬು, ಫ್ಯಾನು, ಟಿವಿಗೆ ಧಾರಾಳ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಮೇಲಿದ್ದ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ. ಹಳ್ಳ ಹಗಲು ರಾತ್ರಿ ಒಂದೇ ಸಮನೆ ಹರಿಯುತ್ತದೆ. ಮನೆಯವರು ದೀಪ ಆರಿಸಿದರೆ ಚಕ್ರದ ಮೇಲಿನ ಭಾರ ಇಳಿದು ವೇಗ ಏರುತ್ತದೆ, ವೋಲ್ಟೇಜ್ ಹೆಚ್ಚಿ ಉರಿಯುತ್ತಿರುವ ಬಲ್ಬೂ ಸುಡುತ್ತದೆ. ದೊಡ್ಡ ವಿದ್ಯುದಾಗಾರದಲ್ಲಾದರೆ ಗವರ್ನರ್ ಎಂಬ ಸಾಧನ ನೀರನ್ನೇ ತಗ್ಗಿಸುತ್ತದೆ. ಇಲ್ಲಿ ಈ ಪೆಟ್ಟಿಗೆ ಮಿಕ್ಕ ಕರೆಂಟನ್ನು ಕ್ಷಣಮಾತ್ರದಲ್ಲಿ ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. "ರಾತ್ರಿ ಲೈಟ್ ಬಂದ್ ಮಾಡಿದ್ರೆ ಹಂಡೆ ನೀರು ಬಿಸಿ ಆಗ್ತದೆ ಸರ್," ಎಂದರು ಮನೆಯಾಕೆ. ಬೆಳಗಿನ ಸ್ನಾನಕ್ಕೆ ಸೌದೆ ಬೇಡ. ನಾನು ಸ್ವಿಚ್ಚು ಒತ್ತಿ ಒತ್ತಿ ಮೀಟರಿನ ಮುಳ್ಳು ಆಚೆ ವಾಲುವುದನ್ನೇ ನೋಡುತ್ತ ನಿಂತೆ.

ನಮ್ಮ ಜಲವಿದ್ಯುತ್ತಿನ ಕತೆ ಗೊತ್ತಿದ್ದದ್ದೇ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1948ರಲ್ಲಿ ಜೋಗ ಬಂತು. ಆದರೂ ಕಾಡಂಚಿನ ಬಡವರ ಮನೆಯಲ್ಲಿ ಚಿಮಿಣಿ ದೀಪವೇ ಉಳಿಯಿತು. ಈಗ ತಂತಿ ಎಳೆದ ಕಡೆಯೂ ಮಳೆಗಾಲದಲ್ಲಿ ಮರ ಬಿದ್ದರೆ ಕತ್ತಲೆ.

ಸೋಲಾರ್ ಬಗ್ಗೆ ನನಗೆ ಗೌರವವಿದೆ. 1995ರಲ್ಲಿ ಹರೀಶ್ ಹಂದೆ ಕಟ್ಟಿದ ಸೋಲಾರ್ ಕಂಪನಿ ಸೆಲ್ಕೋ, ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಬಡವರಿಗೆ ದೀಪದ ಸಾಲ ಕೊಡಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಘಟ್ಟದ ಬುಡಕ್ಕೆ ಬಿಸಿಲೆಲ್ಲಿ? ಹಳ್ಳ ಸೊಕ್ಕಿ ಹರಿಯುವುದೂ ಆಗಲೇ. ಮಾರ್ಚ್ ಹೊತ್ತಿಗೆ ಅದು ಸೊರಗುತ್ತದೆ, ಆಗ ಬಿಸಿಲಿಗೆ ಬರವಿಲ್ಲ. ಎರಡನ್ನೂ ಸೇರಿಸಿ ಒಂದೇ ಸಾಲ ಕೊಡಲು ಬ್ಯಾಂಕುಗಳಿಗೆ ಏನಡ್ಡಿ?

ನನ್ನ ನಿಜವಾದ ಚಿಂತೆ ರಿಪೇರಿಯದು. ಸಿಡಿಲಿಗೆ ಪೆಟ್ಟಿಗೆ ಸುಟ್ಟಾಗ, ಅದು ಮಂಗಳೂರಿಗೆ ಹೋಗಿ ಬರುವ ತನಕ ಆ ಮನೆಯವರು ಮಳೆಗಾಲವನ್ನು ಕತ್ತಲೆಯಲ್ಲಿ ಕಳೆದರಂತೆ. ನೇಪಾಳದ ಗುಡ್ಡಗಳಲ್ಲಿ ತಿರುಗುವ ಇಂಥದೇ ಪುಟ್ಟ ಯಂತ್ರ 'ಪೆಲ್ಟ್ರಿಕ್ ಸೆಟ್' ಕಠ್ಮಂಡುವಿನ ವರ್ಕ್‌ಶಾಪಿನಲ್ಲೇ ಹುಟ್ಟಿದ್ದು. ಘಟ್ಟದ ತಪ್ಪಲಿನ ನಮ್ಮ ಐಟಿಐಗಳಲ್ಲಿ ಈ ಪೆಟ್ಟಿಗೆ ಬಿಚ್ಚಿ ಜೋಡಿಸುವುದನ್ನು ಕಲಿಸಿದರೆ, ಕೆಟ್ಟಾಗ ಸ್ಕ್ರೂಡ್ರೈವರ್ ಹಿಡಿದು ಬರಬಲ್ಲವರು ಪಕ್ಕದ ಊರಿನಲ್ಲೇ ಇರುತ್ತಾರೆ.