ಒಂಬತ್ತು ವರ್ಷ ಹಳೇ ತೆರಿಗೆ ಬಾಕಿ ಬಂದ್ರೆ, ಕಟ್ಟೋಕೆ ಮುಂಚೆ ಒಂದ್ನಿಮಿಷ

ಕಳೆದ ಆಗಸ್ಟ್‌ನಲ್ಲಿ ಒಂದು ರಾತ್ರಿ ಮೆಸ್‌ನಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ಸೋದರಮಾವನ ಫೋನ್ ಬಂತು. ಮಾವ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಆ ವರ್ಷ ಅವರಿಗೆ ಸುಮಾರು 31,000 ರೂಪಾಯಿ ತೆರಿಗೆ ರೀಫಂಡ್ ಬರೋದಿತ್ತು. ಅದು ಬಂದ್ಮೇಲೆ ನನ್ನ ಲ್ಯಾಪ್‌ಟಾಪಿಗೆ ಅಂತ ಮಾತಾಗಿತ್ತು.

"ಲೋ, ಲ್ಯಾಪ್‌ಟಾಪ್ ಮರೆತುಬಿಡು. 2015-16ರದ್ದು ಬಾಕಿ ಇದೆಯಂತೆ. ಬಡ್ಡಿ ಸೇರಿ 44,000. ರೀಫಂಡನ್ನ ಅದಕ್ಕೇ ಹೊಂದಿಸ್ಕೋತಾರಂತೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಕಟ್ಟಿ ಕೈ ತೊಳ್ಕೊಂಡ್ರೆ ಸಾಕು ಅನ್ನಿಸ್ತಿದೆ ಕಣೋ" ಅಂತ ಸೇರಿಸಿದ್ರು.

ಈ ಕೊನೇ ಮಾತೇ ಈ ಲೇಖನಕ್ಕೆ ಕಾರಣ. ಸರ್ಕಾರದ ಹೆಸರಿರೋ ಕಾಗದ ಬಂದ್ರೆ ನಮ್ಮಲ್ಲಿ ಇರೋದು ಎರಡೇ ದಾರಿ: ಹೆದರಿ ಕಟ್ಟೋದು, ಇಲ್ಲಾ ನೋಡೇ ಇಲ್ಲ ಅನ್ನೋ ಹಾಗೆ ಇರೋದು. ಎರಡೂ ತಪ್ಪು. ಇನ್ನೊಂದೆರಡು ವರ್ಷಕ್ಕೆ ನಾವೂ ಸಂಬಳ ತಗೊಳೋರು. ಈಗಲೇ ತಿಳ್ಕೊಂಡಿದ್ರೆ ನಷ್ಟವಂತೂ ಇಲ್ಲ.

ಈ ಬಾಕಿ ಹುಟ್ಟೋದು ಹೇಗೆ?

ನೀವು ರಿಟರ್ನ್ ಸಲ್ಲಿಸಿದ ಮೇಲೆ ಅದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ ವಿಳಾಸದ ಸಿಪಿಸಿ, ಅಂದ್ರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತೆ. ದೇಶದ ಯಾವ ಮೂಲೆಯವರ ರಿಟರ್ನ್ ಆದ್ರೂ ಲೆಕ್ಕ ಅಲ್ಲೇ. ಅಲ್ಲಿ ಮೊದಲು ನೋಡೋದು ಕಂಪ್ಯೂಟರ್. ಒಂದು ಕಡೆ ನೀವು ಬರೆದ ಅಂಕಿ, ಇನ್ನೊಂದು ಕಡೆ ಇಲಾಖೆಯ ದಾಖಲೆಯಲ್ಲಿರೋ ಅಂಕಿ. ಎರಡೂ ಹೊಂದದೇ ಇದ್ದಾಗ ಇಲಾಖೆಯ ಅಂಕಿ ಇಟ್ಕೊಂಡು ತೆರಿಗೆ ಲೆಕ್ಕ ಹಾಕಿ, ಕಲಂ 143(1)ರ ಕೆಳಗೆ ಒಂದು ಸೂಚನಾಪತ್ರ ಕಳಿಸುತ್ತೆ. ಅದರಲ್ಲಿ ಬಾಕಿ ತೋರಿಸಿದ್ರೆ ಅದೇ ಡಿಮ್ಯಾಂಡ್ ನೋಟಿಸ್.

ಅಂದ್ರೆ ಬಾಕಿ ಅನ್ನೋದು ಬಹಳಷ್ಟು ಸಲ ಯಾರೋ ಅಧಿಕಾರಿ ಕೂತು ವಿಚಾರಿಸಿ ಕೊಟ್ಟ ತೀರ್ಪಲ್ಲ. ಎರಡು ಟೇಬಲ್‌ಗಳ ನಡುವಿನ ಮಿಸ್‌ಮ್ಯಾಚ್. ಯಾವ ಟೇಬಲ್ ತಪ್ಪು ಅನ್ನೋದು ಆಮೇಲಿನ ಪ್ರಶ್ನೆ. ಡಿಬಗ್ ಮಾಡೋದು ನಮಗೇನು ಹೊಸದಲ್ಲವಲ್ಲ.

ಹಾಗಾದ್ರೆ ಒಂಬತ್ತು ವರ್ಷ ಸುಮ್ಮನಿದ್ದು ಈಗ ಯಾಕೆ ಬಂತು? ಸುಮ್ಮನಿರಲಿಲ್ಲ. ಸೂಚನಾಪತ್ರ 2017ರ ಫೆಬ್ರವರಿಯಲ್ಲೇ ಬಂದಿತ್ತು. ಮಾವ ಓದೋವಾಗ ಮಾಡ್ಕೊಂಡಿದ್ದ, ಆಮೇಲೆ ತೆರೆಯೋದನ್ನೇ ಬಿಟ್ಟಿದ್ದ ಇಮೇಲ್‌ಗೆ. ಬಾಕಿ ಆಗ 22,020 ರೂಪಾಯಿ. ನೋಟಿಸ್ ತಲುಪಿ 30 ದಿನದಲ್ಲಿ ಕಟ್ಟದೇ ಇದ್ರೆ ಕಲಂ 220(2)ರ ಪ್ರಕಾರ ತಿಂಗಳಿಗೆ ನೂರಕ್ಕೆ 1 ಬಡ್ಡಿ. ನೂರು ತಿಂಗಳು ದಾಟಿದ್ರೆ ಬಡ್ಡಿ ಅಸಲಿನಷ್ಟೇ ಆಗುತ್ತೆ, ಅಷ್ಟೇ ಗಣಿತ. ಇಷ್ಟು ವರ್ಷ ಮಾವನಿಗೆ ದೊಡ್ಡ ರೀಫಂಡ್ ಬಂದಿರಲಿಲ್ಲ. ಬರೋ ಹೊತ್ತಿಗೆ ಹಳೇ ಬಾಕಿ ಎದ್ದು ಕೂತಿತು. ರೀಫಂಡನ್ನ ಬಾಕಿಗೆ ಹೊಂದಿಸೋ ಅಧಿಕಾರ ಕಲಂ 245ರಲ್ಲಿದೆ, ಆದರೆ ಮೊದಲು ನಿಮಗೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು. ಮಾವನಿಗೆ ಬಂದಿದ್ದು ಆ ತಿಳುವಳಿಕೆ ಪತ್ರ.

ಮೊದಲು ಅಸಲಿಯಾ ನಕಲಿಯಾ ನೋಡಿ

ತೆರಿಗೆ ಹೆಸರಲ್ಲಿ ಮೋಸದ ಮೇಲ್‌ಗಳೂ ಬರ್ತವೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಅನ್ನೋ ದಾಖಲೆ ಸಂಖ್ಯೆ ಕಡ್ಡಾಯ. ಮೇಲ್‌ನಲ್ಲಿರೋ ಲಿಂಕ್ ಒತ್ತಬೇಡಿ. ಇ-ಫೈಲಿಂಗ್ ಪೋರ್ಟಲನ್ನ ನೀವೇ ತೆರೆದು, ನೋಟಿಸ್ ದೃಢೀಕರಿಸೋ ಜಾಗದಲ್ಲಿ ಆ ಸಂಖ್ಯೆ ಹಾಕಿ. ಆಮೇಲೆ ಲಾಗಿನ್ ಆಗಿ 'ಪೆಂಡಿಂಗ್ ಆಕ್ಷನ್ಸ್' ಕೆಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ನೋಡಿ. ನಿಜವಾದ ಬಾಕಿ ಆಗಿದ್ರೆ ವರ್ಷ, ಮೊತ್ತ, ಕಲಂ ಎಲ್ಲಾ ಅಲ್ಲಿರುತ್ತೆ.

ಇಲ್ಲೊಂದು ಗುಂಡಿ ಇದೆ. ಆ ಪುಟದಲ್ಲಿ 'ಡಿಮ್ಯಾಂಡ್ ಈಸ್ ಕರೆಕ್ಟ್' ಅಂತ ಒಪ್ಪಿ ಕಳಿಸಿಬಿಟ್ರೆ ಆಮೇಲೆ ಅಲ್ಲಿ ತಕರಾರು ಹೇಳೋಕಾಗಲ್ಲ. ಮಾವ ಆವತ್ತು ರಾತ್ರಿ ಅದನ್ನೇ ಒತ್ತೋಕೆ ಹೊರಟಿದ್ರು. ಲೆಕ್ಕ ಮುಗಿಯೋ ತನಕ ಆ ಬಟನ್ ಮುಟ್ಟಬೇಡಿ.

ತಪ್ಪು ಯಾರದ್ದು?

ಆ ವರ್ಷದ ಮೂರು ಕಾಗದ ಎದುರಿಗೆ ಇಟ್ಕೊಳ್ಳಿ: ನೀವು ಸಲ್ಲಿಸಿದ ರಿಟರ್ನ್, 143(1)ರ ಸೂಚನಾಪತ್ರ, ಮತ್ತು ಫಾರ್ಮ್ 26ಎಎಸ್. 26ಎಎಸ್ ಅಂದ್ರೆ ನಿಮ್ಮ ಪ್ಯಾನ್ ಹೆಸರಿಗೆ ಯಾರ್ಯಾರು ಎಷ್ಟು ಟಿಡಿಎಸ್ ಜಮಾ ಮಾಡಿದ್ದಾರೆ ಅನ್ನೋ ಪಾಸ್‌ಬುಕ್. ಸೂಚನಾಪತ್ರದಲ್ಲಿ ಎರಡು ಕಾಲಂ ಇರುತ್ತೆ, ನೀವು ಹೇಳಿದ್ದು ಮತ್ತು ಅವರು ಲೆಕ್ಕ ಹಾಕಿದ್ದು. ಸಾಲು ಸಾಲಾಗಿ ಇಳಿದು, ಮೊದಲು ಎಲ್ಲಿ ಅಂಕಿ ಬೇರೆ ಆಗುತ್ತೋ ಅಲ್ಲಿ ನಿಲ್ಲಿ. ಸಾಮಾನ್ಯವಾಗಿ ಸಿಗೋದು ಈ ನಾಲ್ಕರಲ್ಲಿ ಒಂದು:

1. ನೀವೇ ತೆರಿಗೆ ಕಟ್ಟಿದ್ದೀರಿ, ಚಲನ್‌ನಲ್ಲಿ ವರ್ಷ ತಪ್ಪು. 2015-16ರಲ್ಲಿ ದುಡಿದ ಹಣದ ಅಸೆಸ್‌ಮೆಂಟ್ ವರ್ಷ 2016-17. ಇದರಲ್ಲಿ ಎಡವದವರು ಕಡಿಮೆ. ಚಲನ್ ತಿದ್ದಿಸಿದ್ರೆ ಬಾಕಿ ಹೋಗುತ್ತೆ.

2. ಕಂಪನಿ ದುಡ್ಡು ಜಮಾ ಮಾಡಿದೆ, ನಿಮ್ಮ ಪ್ಯಾನ್ ತಪ್ಪಾಗಿ ಹಾಕಿದೆ. ಒಂದು ಅಕ್ಷರ ಆಚೀಚೆ ಆದ್ರೂ ನಿಮ್ಮ ಪಾಸ್‌ಬುಕ್ಕಿಗೆ ಬರಲ್ಲ. ಕಂಪನಿಯೇ ತನ್ನ ಟಿಡಿಎಸ್ ರಿಟರ್ನ್ ತಿದ್ದಬೇಕು.

3. ಕಂಪನಿ ನಿಮ್ಮ ಸಂಬಳದಿಂದ ಹಿಡಿದಿದೆ, ಸರ್ಕಾರಕ್ಕೆ ಕಟ್ಟಿಲ್ಲ.

4. ಬಾಕಿ ನಿಜಕ್ಕೂ ಇದೆ.

ನಾಲ್ಕನೇದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಹೆಚ್ಚು ಬೀಳೋದು ಇಲ್ಲೇ. ವರ್ಷದ ಮಧ್ಯೆ ಕಂಪನಿ ಬದಲಾಯಿಸಿದ್ರಿ ಅಂತಿಟ್ಕೊಳ್ಳಿ. 2025-26ರ ಹೊಸ ಪದ್ಧತಿ. ಮೊದಲ ಆರು ತಿಂಗಳು ತಿಂಗಳಿಗೆ 70,000, ಒಟ್ಟು 4.2 ಲಕ್ಷ. ಮುಂದಿನ ಆರು ತಿಂಗಳು ಒಂದೂವರೆ ಲಕ್ಷ, ಒಟ್ಟು 9 ಲಕ್ಷ. 12 ಲಕ್ಷದ ತನಕ ರಿಬೇಟ್ ಇರೋದ್ರಿಂದ ಎರಡೂ ಕಂಪನಿ ತಮ್ಮ ತಮ್ಮ ಲೆಕ್ಕದಲ್ಲಿ ಸೊನ್ನೆ ಹಿಡೀತವೆ. ಆದರೆ ನಿಮ್ಮ ಒಟ್ಟು ಸಂಬಳ 13.2 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12.45 ಲಕ್ಷ. ರಿಬೇಟ್ ಹೋಯ್ತು. 12 ಲಕ್ಷದ ಮೇಲಿರೋ 45,000ದಷ್ಟೇ ತೆರಿಗೆ ಅನ್ನೋ ರಿಯಾಯಿತಿ ಸಿಕ್ಕಿದ್ರೂ, ಸೆಸ್ ಸೇರಿ 46,800 ರೂಪಾಯಿ ನೀವೇ ಕಟ್ಟಬೇಕು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಹಳೇ ಸಂಬಳದ ವಿವರವನ್ನ ಹೊಸ ಕಂಪನಿಗೆ ಕೊಟ್ಟಿದ್ರೆ ಅವರೇ ಹಿಡೀತಿದ್ರು. ಇಂಥ ಬಾಕಿ ಬಂದ್ರೆ ಜಗಳ ಆಡಬೇಡಿ, ಬೇಗ ಕಟ್ಟಿ. ಬಡ್ಡಿ ಓಡ್ತಾನೇ ಇರುತ್ತೆ.

ಮಾವನ ಕೇಸು: ಹಿಡಿದರು, ಕಟ್ಟಲಿಲ್ಲ

ಮಾವನದ್ದು ಮೂರನೇದು. 2015ರ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಒಂದು ಸಣ್ಣ ಕಂಪನಿಯಲ್ಲಿದ್ರು. ತಿಂಗಳಿಗೆ 3,200ರಂತೆ ಆರು ತಿಂಗಳು, ಒಟ್ಟು 19,200 ಟಿಡಿಎಸ್ ಹಿಡಿದಿದ್ರು. ಮಾವ ಅದನ್ನ ರಿಟರ್ನ್‌ನಲ್ಲಿ ತೋರಿಸಿದ್ರು. 26ಎಎಸ್‌ನಲ್ಲಿ ಆ ಕಂಪನಿಯ ಹೆಸರೇ ಇಲ್ಲ. ಕಂಪನಿ ಬಾಗಿಲು ಹಾಕಿ ವರ್ಷಗಳಾಗಿವೆ.

ಕಾನೂನು ಇಲ್ಲಿ ಎರಡು ಮಾತಾಡುತ್ತೆ. ಕಲಂ 199 ಹೇಳೋದು: ಹಿಡಿದ ತೆರಿಗೆ ಸರ್ಕಾರಕ್ಕೆ ಜಮಾ ಆಗಿದ್ರೆ ನಿಮಗೆ ಕ್ರೆಡಿಟ್. ಕಂಪ್ಯೂಟರ್‌ಗೆ ಗೊತ್ತಿರೋದು ಇಷ್ಟೇ. ಕಲಂ 205 ಹೇಳೋದು: ನಿಮ್ಮ ಆದಾಯದಿಂದ ಎಷ್ಟು ತೆರಿಗೆ ಹಿಡಿದಾಗಿದೆಯೋ ಅಷ್ಟನ್ನ ನೀವೇ ಕಟ್ಟಿ ಅಂತ ನಿಮ್ಮನ್ನ ಕೇಳುವಂತಿಲ್ಲ. ಬಸ್ಸಲ್ಲಿ ಕಂಡಕ್ಟರ್ ಕೈಗೆ ಕಾಸು ಕೊಟ್ಟು ಟಿಕೆಟ್ ತಗೊಂಡಿದ್ದೀರಿ. ಅವನು ಡಿಪೋದಲ್ಲಿ ಕಟ್ಟಲಿಲ್ಲ ಅಂತ ನಿಮ್ಮ ಹತ್ರ ಮತ್ತೆ ಚಾರ್ಜ್ ಕೇಳೋ ಹಾಗಿಲ್ಲ. ಆದರೆ ನಿಮ್ಮ ಕೈಯಲ್ಲಿ ಟಿಕೆಟ್ ಇರಬೇಕು.

ಇದು ಬರೀ ವಾದ ಅಲ್ಲ. ಕೇಂದ್ರ ನೇರ ತೆರಿಗೆ ಮಂಡಳಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಪತ್ರ ಬರೆದು, ಇಂಥ ಬಾಕಿಯನ್ನ ನೌಕರರಿಂದ ಬಲವಂತವಾಗಿ ವಸೂಲಿ ಮಾಡಬೇಡಿ ಅಂದಿದೆ. 2016ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ನಿಂತುಹೋದ ಮೇಲೆ ಅದರ ಪೈಲಟ್ ಒಬ್ಬರಿಗೆ ಹೀಗೇ ಆಗಿತ್ತು. 2021ರಲ್ಲಿ ಗುಜರಾತ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ರೀಫಂಡನ್ನ ಇಂಥ ಬಾಕಿಗೆ ಹೊಂದಿಸಿಕೊಳ್ಳೋದೂ ಹಿಂಬಾಗಿಲ ವಸೂಲಿಯೇ, ಮಾಡೋ ಹಾಗಿಲ್ಲ ಅಂತ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಹಿಡಿದ ತೆರಿಗೆ ಕಟ್ಟದ ಕಂಪನಿ ಮೇಲೆ ಕ್ರಮ ತಗೊಳೋ ಅಧಿಕಾರ ಇಲಾಖೆಗೆ ಬೇರೆಯಾಗಿಯೇ ಇದೆ.

ನಾವು ಮಾಡಿದ್ದು

ಸೂಚನಾಪತ್ರದಲ್ಲಿ ಕಣ್ಣಿಗೆ ಕಾಣೋ ತಪ್ಪಿದ್ರೆ ಕಲಂ 154ರಲ್ಲಿ ತಿದ್ದುಪಡಿ ಕೇಳಬಹುದು. ಅದಕ್ಕೆ ಗಡುವು, ಆದೇಶ ಬಂದ ಹಣಕಾಸು ವರ್ಷ ಮುಗಿದು ನಾಲ್ಕು ವರ್ಷ. ಮಾವನಿಗೆ ಅದು 2021ರ ಮಾರ್ಚ್‌ಗೇ ಮುಗಿದಿತ್ತು. ಮೇಲ್ಮನವಿಗೆ 30 ದಿನ, ವಿಳಂಬ ಮನ್ನಿಸಿ ಅಂತ ಕೇಳಬಹುದು, ಆದ್ರೆ ಎಂಟು ವರ್ಷದ ವಿಳಂಬಕ್ಕೆ ಹಳೇ ಇಮೇಲ್ ಅನ್ನೋ ಕಾರಣ ದುರ್ಬಲ. ಸಣ್ಣ ಹಳೇ ಬಾಕಿ ಮನ್ನಾ ಆಗಿದೆಯಂತಲ್ಲ ಅಂತ ಹುಡುಕಿದ್ವಿ. 2024ರ ಮಧ್ಯಂತರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಘೋಷಿಸಿದ್ದು ಹೌದು: 2009-10ರ ತನಕದ್ದು 25,000ವರೆಗೆ, 2010-11ರಿಂದ 2014-15ರದ್ದು 10,000ವರೆಗೆ. ಮಾವನದ್ದು 2015-16. ಒಂದು ವರ್ಷದಲ್ಲಿ ತಪ್ಪಿತು. ಮೊತ್ತವೂ ಜಾಸ್ತಿ.

ಉಳಿದಿದ್ದು ಕಲಂ 205. ಪೋರ್ಟಲ್‌ನಲ್ಲಿ 'ಒಪ್ಪುವುದಿಲ್ಲ' ಆಯ್ಕೆ ಮಾಡಿ, ಕಾರಣ ಬರೆದು, ಪತ್ರದಲ್ಲಿದ್ದ ಗಡುವಿನ ಒಳಗೇ ಉತ್ತರ ಕೊಟ್ವಿ. ಅದೇ ವಿಷಯವನ್ನ ಒಂದು ಪುಟದ ಪತ್ರ ಮಾಡಿ ಮಾವನ ಪ್ಯಾನ್ ಯಾರ ವ್ಯಾಪ್ತಿಗೆ ಬರುತ್ತೋ ಆ ಅಸೆಸಿಂಗ್ ಆಫೀಸರ್‌ಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಂಡ್ವಿ. ಪೋರ್ಟಲ್‌ನ ದೂರು ವಿಭಾಗದಲ್ಲೂ ದಾಖಲಿಸಿದ್ವಿ. ಪತ್ರದಲ್ಲಿ ಇದ್ದಿದ್ದು ಇಷ್ಟೇ: ಯಾವ ವರ್ಷ, ಯಾವ ಬಾಕಿ, ಯಾವ ತಿಂಗಳು ಎಷ್ಟು ಹಿಡಿದರು, ಅದಕ್ಕೆ ಸಾಕ್ಷಿ ಯಾವುದು, ಕಲಂ 205, ಮಂಡಳಿಯ ಪತ್ರದ ದಿನಾಂಕ. ಕಷ್ಟ ಸುಖ ಏನೂ ಬರೆಯಲಿಲ್ಲ.

ಸಾಕ್ಷಿ ಹುಡುಕೋದೇ ದೊಡ್ಡ ಕೆಲಸವಾಯ್ತು. ಕಂಪನಿ ಫಾರ್ಮ್ 16 ಕೊಟ್ಟಿರಲಿಲ್ಲ. ಹಳೇ ಮೇಲ್‌ನ ಪಾಸ್‌ವರ್ಡ್ ಮರಳಿ ಪಡೆಯೋಕೆ ಎರಡು ದಿನ. ಅದರಲ್ಲಿ ಐದು ತಿಂಗಳ ಪೇ ಸ್ಲಿಪ್ ಸಿಕ್ವು. ಸ್ಲಿಪ್‌ನ ನಿವ್ವಳ ಸಂಬಳ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಪೈಸೆ ಪೈಸೆ ಹೊಂದಿತು. ಟಿಡಿಎಸ್ ಕಳೆದೇ ಸಂಬಳ ಹಾಕಿದ್ದಾರೆ ಅನ್ನೋಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಡ. ಆರನೇ ತಿಂಗಳದ್ದು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್. ರಜೆ, ಸಂಬಳ ಎಲ್ಲಾ ಸೇರಿಸಿ ಒಂದು ಮೊತ್ತ ಬಂದಿದೆ, ಸ್ಲಿಪ್ ಇಲ್ಲ.

ಜನವರಿಯಲ್ಲಿ ಉತ್ತರ ಬಂತು. ಐದು ತಿಂಗಳ ಟಿಡಿಎಸ್‌ನಷ್ಟು ವಸೂಲಿಗೆ ತಡೆ. ಆರನೇ ತಿಂಗಳ ಪಾಲು, ಬಡ್ಡಿ ಸೇರಿ 7,340 ರೂಪಾಯಿ, ರೀಫಂಡ್‌ನಿಂದ ಮುರಿದುಕೊಂಡ್ರು. ಉಳಿದ 23,660 ಮಾವನ ಖಾತೆಗೆ ಬಂತು. ಹಳೇ ಬಾಕಿ ಪೋರ್ಟಲ್‌ನಲ್ಲಿ ಈಗಲೂ ಕಾಣುತ್ತೆ, ಮುಂದೆ ರೀಫಂಡ್ ಇದ್ದಾಗಲೆಲ್ಲ ಇದೇ ಆದೇಶ ತೋರಿಸಬೇಕಾಗಬಹುದು. ಪೂರ್ತಿ ಗೆದ್ವಿ ಅನ್ನಲ್ಲ. ಕಾನೂನು ಆರು ತಿಂಗಳಿಗೂ ಒಂದೇ ಇತ್ತು. ಕಾಗದ ಇದ್ದಿದ್ದು ಐದಕ್ಕೆ.

ಇವತ್ತೇ ಮಾಡಬಹುದಾದ್ದು

ಇಂಟರ್ನ್‌ಶಿಪ್ ಸ್ಟೈಪೆಂಡ್‌ನಲ್ಲೂ ಕೆಲವು ಕಂಪನಿಗಳು ಟಿಡಿಎಸ್ ಹಿಡೀತವೆ. ಹಾಗಾಗಿ ಕೆಲಸ ಸಿಗೋ ತನಕ ಕಾಯಬೇಡಿ. ಪೋರ್ಟಲ್‌ಗೆ ಕಾಲೇಜಿನ ಮೇಲ್ ಐಡಿ ಕೊಡಬೇಡಿ, ಪಾಸ್ ಆದ್ಮೇಲೆ ಅದು ಬಂದ್ ಆಗಬಹುದು. ಪ್ರತಿ ತಿಂಗಳ ಪೇ ಸ್ಲಿಪ್ ಬಂದ ದಿನವೇ ನಿಮ್ಮ ಸ್ವಂತ ಡ್ರೈವ್‌ಗೆ ಇಳಿಸಿ, ಕೆಲಸ ಬಿಟ್ಟ ಸಂಜೆ ಕಂಪನಿ ಲಾಗಿನ್ ಹೋಗುತ್ತೆ. ಸೆಟಲ್‌ಮೆಂಟ್ ವಿವರ ಬರಹದಲ್ಲಿ ಕೇಳಿ ಪಡೆಯಿರಿ. ವರ್ಷಕ್ಕೆ ಎರಡು ಸಲವಾದ್ರೂ 26ಎಎಸ್ ತೆರೆದು, ಸ್ಲಿಪ್‌ನಲ್ಲಿ ಹಿಡಿದಿದ್ದು ಅಲ್ಲಿ ಬಂದಿದೆಯಾ ನೋಡಿ. ಕಂಪನಿ ಇನ್ನೂ ಬಾಗಿಲು ತೆಗೆದಿರುವಾಗ ಕೇಳೋದು ಸುಲಭ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಹಾಗಾಗಿ ಕಲಂಗಳ ನಂಬರ್ ಬದಲಾಗುತ್ತೆ. ಹಳೇ ವರ್ಷಗಳ ಲೆಕ್ಕಕ್ಕೆ 1961ರ ಕಾಯ್ದೆಯೇ ನಡೆಯುತ್ತೆ, ಆದ್ದರಿಂದ ಮೇಲಿನ ನಂಬರ್‌ಗಳು ಹಳೇ ಬಾಕಿಗಳಿಗೆ ಇನ್ನೂ ಬೇಕು.

ಲ್ಯಾಪ್‌ಟಾಪ್ ಬಂತಾ ಅಂತ ಕೇಳ್ತೀರಿ. ಬಂತು, ಸೆಕೆಂಡ್ ಹ್ಯಾಂಡ್. ಅದರಲ್ಲಿ ನಾನು ಮೊದಲು ಮಾಡಿದ ಫೋಲ್ಡರ್ ಹೆಸರು 'ಪೇ ಸ್ಲಿಪ್'. ಸದ್ಯಕ್ಕೆ ಖಾಲಿ.