ಲ್ಯಾಪ್‌ಟಾಪ್‌ಗೆ ಜ್ವರ ಬಂದಾಗ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ಬಿಸಿಲನ್ನು ಕಂಡವರಿಗೆ ಅದರ ವರ್ಣನೆ ಬೇಕಾಗಿಲ್ಲ. ಉಷ್ಣತೆ 42 ಡಿಗ್ರಿಯ ಆಸುಪಾಸಿನಲ್ಲಿತ್ತು. ಅಂಥ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ತಂದೆಯೊಡನೆ ಮನೆಗೆ ಬಂದ. ಹುಡುಗ ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದಾನೆ. ತಂದೆಯದು ಚಿಕ್ಕ ಕಿರಾಣಿ ಅಂಗಡಿ.

"ಇದು ಕೆಟ್ಟದಂತ್ರಿ ಸರ್. ಒಳಗಿನ ಬೋರ್ಡೇ ಹೋಗ್ಯದ, ಹೊಸಾದು ತಗೋರಿ ಅಂತ ರಿಪೇರಿಯವ್ರು ಹೇಳ್ಯಾರ. ಐವತ್ತು ಸಾವಿರ ಎಲ್ಲಿಂದ ತರ್ಲಿ? ಹತ್ತು ದಿನದಾಗ ಇವ ಪ್ರಾಜೆಕ್ಟ್ ಕೊಡಬೇಕಂತ" ಎಂದು ತಂದೆ ನೀರಿನ ಲೋಟ ಕೆಳಗಿಟ್ಟರು. ಸಾಲಕ್ಕಾಗಿ ಯಾರನ್ನೋ ಕೇಳಿಯೂ ಆಗಿತ್ತೆಂದು ಆಮೇಲೆ ತಿಳಿಯಿತು.

ನಾನು ಹುಡುಗನನ್ನು ಒಂದೇ ಪ್ರಶ್ನೆ ಕೇಳಿದೆ: "ಯಾವಾಗ ನಿಧಾನ ಆಗ್ತದಪ್ಪ?"

"ಮುಂಜಾನೆ ಛಲೋ ಇರ್ತದ್ರಿ ಸರ್. ಹನ್ನೊಂದು ಹೊಡೆದ ಮ್ಯಾಲೆ ಮೌಸ್ ಸೈತ ಸರಿಯಂಗಿಲ್ಲ."

ಇದೊಂದು ಮಾತು ಸಾಕಿತ್ತು. ನಿಜವಾಗಿ ಕೆಟ್ಟ ಯಂತ್ರಕ್ಕೆ ಮುಂಜಾನೆ, ಮಧ್ಯಾಹ್ನದ ಭೇದ ಇರುವುದಿಲ್ಲ. ಈ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಅದಕ್ಕೆ ಸೆಖೆಯಾಗಿತ್ತು, ಅಷ್ಟೆ!

ನಿಧಾನವೇ ರಕ್ಷಣೆ

ಲ್ಯಾಪ್‌ಟಾಪಿನ ಮಿದುಳು ಎನ್ನಬಹುದಾದ ಭಾಗವೇ ಸಂಸ್ಕಾರಕ, ಅಂದರೆ ಪ್ರೊಸೆಸರ್. ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಬೆರಳ ಉಗುರಿನಷ್ಟು ಜಾಗದಲ್ಲಿ ಹುಟ್ಟುವ ಆ ಶಾಖವನ್ನು ತಾಮ್ರದ ಕೊಳವೆಯೊಂದು ಪಕ್ಕಕ್ಕೆ ಸಾಗಿಸುತ್ತದೆ. ಅಲ್ಲಿಂದ ಪುಟ್ಟ ಫ್ಯಾನು ಅದನ್ನು ಹೊರಗೆ ಊದುತ್ತದೆ. ಕೋಣೆಯ ಗಾಳಿ 25 ಡಿಗ್ರಿ ಇದ್ದಾಗ ಸಂಸ್ಕಾರಕ 80 ಡಿಗ್ರಿಗೆ ಏರುತ್ತದೆಂದುಕೊಳ್ಳಿ. ಅದೇ ಕೆಲಸಕ್ಕೆ ಗಾಳಿ 42 ಡಿಗ್ರಿ ಇದ್ದಾಗ ಅದು 97ರ ಸಮೀಪಕ್ಕೆ ಹೋಗುತ್ತದೆ. ಏಕೆಂದರೆ ಶಾಖ ಹೊರಹೋಗಲು ಬೇಕಾದದ್ದು ಒಳಗಿನ ಮತ್ತು ಹೊರಗಿನ ಉಷ್ಣತೆಗಳ ವ್ಯತ್ಯಾಸ. ಹೊರಗಿನದು ಏರಿದಷ್ಟೂ ಒಳಗಿನದೂ ಏರಲೇಬೇಕು.

ಲ್ಯಾಪ್‌ಟಾಪ್ ಸಂಸ್ಕಾರಕಗಳ ಮಿತಿ ಸಾಮಾನ್ಯವಾಗಿ 95ರಿಂದ 105 ಡಿಗ್ರಿ. ಆ ಗಡಿ ಮುಟ್ಟಿದೊಡನೆ ಸಂಸ್ಕಾರಕ ತಾನಾಗಿಯೇ ವೇಗ ತಗ್ಗಿಸುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಸುಡು ಬಿಸಿಲಲ್ಲಿ ನೇಗಿಲೆಳೆಯುವ ಎತ್ತು ಹೆಜ್ಜೆ ನಿಧಾನ ಮಾಡುತ್ತದಲ್ಲವೇ? ಅದು ಸೋಮಾರಿತನವಲ್ಲ, ಜೀವ ಉಳಿಸಿಕೊಳ್ಳುವ ಬಗೆ. ಇದೂ ಹಾಗೆಯೇ.

ಈ ರಕ್ಷಣೆ ಇಲ್ಲದಿದ್ದರೆ ಏನಾಗುತ್ತದೆ? 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಒಂದು ಪ್ರಯೋಗ ಮಾಡಿ ವಿಡಿಯೊ ತೋರಿಸಿತು. ಕಂಪ್ಯೂಟರಿನಲ್ಲಿ ಆಟ ನಡೆಯುತ್ತಿರುವಾಗಲೇ ಸಂಸ್ಕಾರಕದ ಮೇಲಿನ ಶಾಖಹೀರುಕವನ್ನು ಕಿತ್ತು ತೆಗೆದರು. ಅಂದಿನ ಅಥ್ಲಾನ್ ಸಂಸ್ಕಾರಕ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಪೆಂಟಿಯಂ 4 ಮಾತ್ರ ತೆವಳುತ್ತ ತೆವಳುತ್ತ ಆಟ ನಡೆಸಿತು. ಶಾಖಹೀರುಕವನ್ನು ಮತ್ತೆ ಕೂರಿಸಿದಾಗ ಮೊದಲಿನಂತೆ ಓಡಿತು! ಅದರೊಳಗೆ ಉಷ್ಣತೆಯ ಕಾವಲುಗಾರನಿದ್ದ. ಇಂದು ಎಲ್ಲ ತಯಾರಕರ ಸಂಸ್ಕಾರಕಗಳಲ್ಲೂ ಇಂಥ ಕಾವಲು ಇದೆ.

ಹಂಡೆಯ ಲೆಕ್ಕ

ಹಾಗಾದರೆ ಶಾಖವನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡಬಹುದೇ? ಮಾಡಬಹುದು. ಅದರ ಗುಟ್ಟು ವೋಲ್ಟೇಜಿನಲ್ಲಿದೆ.

ಸಂಸ್ಕಾರಕದೊಳಗೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಒಂದೊಂದೂ ವಿದ್ಯುದಾವೇಶ ತುಂಬಿಕೊಳ್ಳುವ, ಬರಿದಾಗುವ ಪುಟ್ಟ ಪಾತ್ರೆಯಂತೆ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತಗಳು. ಆ ಮಿಡಿತಗಳ ತಾಳಕ್ಕೆ ಈ ಪಾತ್ರೆಗಳು ತುಂಬುತ್ತ ಬರಿದಾಗುತ್ತ ಇರುತ್ತವೆ. ಎಷ್ಟು ಎತ್ತರಕ್ಕೆ ತುಂಬಬೇಕು ಎಂಬುದೇ ವೋಲ್ಟೇಜ್.

ನೆಟ್ಟಗಿನ ಹಂಡೆಯೊಂದಕ್ಕೆ ನೆಲದ ತೊಟ್ಟಿಯಿಂದ ಒಂದು ಅಡಿ ಎತ್ತರ ನೀರು ತುಂಬಿಸಿದಿರಿ. ಈಗ ಎರಡು ಅಡಿ ತುಂಬಿಸಿ. ನೀರು ಎರಡರಷ್ಟು ಬೇಕು. ಆ ನೀರನ್ನು ಎತ್ತಬೇಕಾದ ಸರಾಸರಿ ಎತ್ತರವೂ ಎರಡರಷ್ಟು. ಒಟ್ಟು ಶ್ರಮ ನಾಲ್ಕು ಪಟ್ಟು! ವೋಲ್ಟೇಜಿನ ಲೆಕ್ಕವೂ ಇದೇ. ಸಂಸ್ಕಾರಕ ಬಳಸುವ ವಿದ್ಯುತ್ತು ಮಿಡಿತದ ವೇಗಕ್ಕೆ ನೇರ ಅನುಪಾತದಲ್ಲಿದ್ದರೆ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹತ್ತನೆಯ ತರಗತಿಯಲ್ಲಿ ಕಲಿತ ಜೂಲ್ ನಿಯಮದಲ್ಲೂ ಒಂದು ವರ್ಗ ಬರುವುದು ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ವೋಲ್ಟೇಜನ್ನು ಶೇಕಡ 10ರಷ್ಟು ಇಳಿಸಿದರೆ 0.9 ಗುಣಿಸು 0.9, ಅಂದರೆ 0.81. ವೇಗವನ್ನೂ ಶೇಕಡ 10 ಇಳಿಸಿದರೆ ಮತ್ತೊಂದು 0.9ರಿಂದ ಗುಣಿಸಿ: 0.729. ಬಿಟ್ಟುಕೊಟ್ಟ ವೇಗ ಹತ್ತನೆಯ ಒಂದು ಭಾಗ. ಉಳಿತಾಯವಾದ ಶಾಖ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು! ಎಂಥ ಲಾಭದ ವ್ಯಾಪಾರ!

ತಯಾರಕರಿಗೆ ಇದು ಹಳೆಯ ಪಾಠ. 1993ರ ಮೊದಲ ಪೆಂಟಿಯಂ 5 ವೋಲ್ಟಿನಲ್ಲಿ 66 ಮೆಗಾಹರ್ಟ್ಸ್ ವೇಗದವರೆಗೆ ಓಡುತ್ತಿತ್ತು, ಚೆನ್ನಾಗಿ ಬಿಸಿಯಾಗುತ್ತಿತ್ತು. 1994ರಲ್ಲಿ ಬಂದ 100 ಮೆಗಾಹರ್ಟ್ಸಿನದು 3.3 ವೋಲ್ಟಿನದು. ಒಳಗಿನ ಭಾಗಗಳನ್ನೂ ಇನ್ನಷ್ಟು ಕಿರಿದಾಗಿಸಿದ್ದರು. ಪರಿಣಾಮ? ವೇಗ ಒಂದೂವರೆ ಪಟ್ಟು ಹೆಚ್ಚಿತು, ಬಿಸಿ ಕಡಿಮೆಯಾಯಿತು.

ಆದರೆ ಈ ನಿಯಮಕ್ಕೆ ಇನ್ನೊಂದು ಮುಖವೂ ಇದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. 2008ರಲ್ಲಿ ಇಂಟೆಲ್ ತಂದ ಟರ್ಬೊ ಬೂಸ್ಟ್ ವ್ಯವಸ್ಥೆ ಇದನ್ನೇ ಮಾಡುತ್ತದೆ: ಅವಕಾಶ ಸಿಕ್ಕಾಗ ಮೂಲ ವೇಗವನ್ನು ಮೀರಿ ನೆಗೆಯುತ್ತದೆ. ಒಂದು ಪುಟ ತೆರೆಯುವಷ್ಟು ಹೊತ್ತಿಗೆ ಇದು ಚೆಂದ. ಅರ್ಧ ಗಂಟೆಯ ಭಾರಿ ಕೆಲಸಕ್ಕೆ, ಅದೂ ನಮ್ಮ ಬೇಸಿಗೆಯಲ್ಲಿ, ಇದೇ ಮುಳುವಾಗುತ್ತದೆ. ನೆಗೆಯುವುದು, ಕಾಯುವುದು, ಧೊಪ್ಪೆಂದು ಬೀಳುವುದು, ಮತ್ತೆ ನೆಗೆಯುವುದು!

ಮೊದಲು ನಾಡಿ ನೋಡಿ

ಜ್ವರ ಎಂದು ಹೇಳುವ ಮೊದಲು ಥರ್ಮಾಮೀಟರ್ ಇಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಸಂಸ್ಕಾರಕದ ಈಗಿನ ವೇಗವೂ ಮೂಲ ವೇಗವೂ ಕಾಣುತ್ತವೆ. ಉಷ್ಣತೆ ನೋಡಲು ಕೋರ್ ಟೆಂಪ್, ಎಚ್‌ಡಬ್ಲ್ಯುಇನ್ಫೊ ಮುಂತಾದ ತಂತ್ರಾಂಶಗಳಿವೆ. ಭಾರಿ ಕೆಲಸ ಕೊಟ್ಟು ನಿಮಿಷಕ್ಕೊಮ್ಮೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಉಷ್ಣತೆ ಮಿತಿಯ ಹತ್ತಿರ ನಿಂತು, ವೇಗ ಮೂಲ ವೇಗಕ್ಕಿಂತ ಕೆಳಗೆ ಬೀಳುತ್ತಿದ್ದರೆ ಕಾರಣ ಶಾಖವೇ. ಉಷ್ಣತೆ 60 ಡಿಗ್ರಿ ಇದ್ದೂ ಯಂತ್ರ ತೆವಳುತ್ತಿದ್ದರೆ ಕಾರಣ ಬೇರೆ: ಸ್ಮರಣೆ ಸಾಲದೆ ಇರಬಹುದು, ಡಿಸ್ಕ್ ಹಳೆಯದಾಗಿರಬಹುದು.

ಇನ್ನು ಚಿಕಿತ್ಸೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಪ್ರಯೋಗಶಾಲೆಯ ಈ ನಿಯಮ ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯದು ಗಾಳಿ. ಹಾಸಿಗೆ, ದಿಂಬಿನ ಮೇಲಿಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿಟ್ಟು, ಹಿಂಬದಿಗೆ ಎರಡು ರಬ್ಬರ್ ತುಂಡು ಕೊಟ್ಟು ಎತ್ತರಿಸಿ. ವರ್ಷಗಟ್ಟಲೆ ಬಳಸಿದ್ದರೆ ತಿಳಿದವರಿಂದ ಬಿಚ್ಚಿಸಿ ದೂಳು ತೆಗೆಸಿ.

ಹಾಸಿಗೆ ಇದ್ದಷ್ಟು ಕಾಲು ಚಾಚು

ಎರಡನೆಯದು ವಿದ್ಯುತ್ ಹೊಂದಾಣಿಕೆ. ಇದಕ್ಕೆ ಕಾಸಿನ ಖರ್ಚಿಲ್ಲ, ಅಪಾಯವಿಲ್ಲ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಎಂಬುದಿದೆ. ಅದು "ಬೆಸ್ಟ್ ಪರ್ಫಾರ್ಮೆನ್ಸ್" ಎಂದಿದ್ದರೆ "ಬ್ಯಾಲೆನ್ಸ್ಡ್"ಗೆ ಅಥವಾ "ಬೆಸ್ಟ್ ಪವರ್ ಎಫಿಶಿಯೆನ್ಸಿ"ಗೆ ಇಳಿಸಿ.

ಸಾಲದಿದ್ದರೆ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬ ಸಾಲು ಕಾಣುತ್ತದೆ. ಅದರ ಮುಂದಿನ 100ನ್ನು 99 ಮಾಡಿ. ಒಂದೇ ಅಂಕಿ! ಆದರೆ ಅನೇಕ ಯಂತ್ರಗಳಲ್ಲಿ ಇಷ್ಟರಿಂದಲೇ ಟರ್ಬೊ ನೆಗೆತ ನಿಂತುಹೋಗುತ್ತದೆ. ಬೇಡವೆನಿಸಿದರೆ ಮತ್ತೆ 100 ಬರೆದರಾಯಿತು. ಕೆಲವು ಹೊಸ ಯಂತ್ರಗಳಲ್ಲಿ ಈ ಸಾಲು ಕಾಣಿಸುವುದಿಲ್ಲ; ಅಲ್ಲಿ ಪವರ್ ಮೋಡನ್ನೇ ನೆಚ್ಚಬೇಕು.

ಇದರಿಂದ ನಷ್ಟವಿಲ್ಲವೇ? ಇದೆ. ಚಳಿಗಾಲದಲ್ಲಿ, ತಂಪು ಕೋಣೆಯಲ್ಲಿ, ಯಂತ್ರ ಇದಕ್ಕಿಂತ ವೇಗವಾಗಿ ಓಡಬಲ್ಲದು. ಆ ವೇಗವನ್ನು ನೀವು ಬಿಟ್ಟುಕೊಡುತ್ತೀರಿ. ಪಾಠ ಓದುವುದು, ಟೈಪ್ ಮಾಡುವುದು ಮುಂತಾದ ಕೆಲಸಗಳಿಗೆ ಅದು ಅರಿವಿಗೂ ಬರುವುದಿಲ್ಲ.

ವೋಲ್ಟೇಜಿಗೆ ಕೈಹಾಕುವ ಮುನ್ನ

ಮೂರನೆಯದು ಅಂಡರ್‌ವೋಲ್ಟಿಂಗ್: ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಮಾತ್ರ ತುಸು ಇಳಿಸುವುದು. ಇದು ಹೇಗೆ ಸಾಧ್ಯ? ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ ಎಲ್ಲ ಮಕ್ಕಳಿಗೂ ಆಗಲೆಂದು ಅಂಗಿಯನ್ನು ಸ್ವಲ್ಪ ಸಡಿಲವಾಗಿಯೇ ಹೊಲಿಯುತ್ತಾನೆ. ಒಂದೇ ಕಾರ್ಖಾನೆಯ ಸಂಸ್ಕಾರಕಗಳಲ್ಲೂ ಒಂದರಂತೆ ಇನ್ನೊಂದಿರುವುದಿಲ್ಲ. ಎಲ್ಲವೂ ತಪ್ಪಿಲ್ಲದೆ ನಡೆಯಲೆಂದು ತಯಾರಕರು ವೋಲ್ಟೇಜನ್ನು ತುಸು ಹೆಚ್ಚಾಗಿಯೇ ಇಟ್ಟಿರುತ್ತಾರೆ. ಆ ಸಡಿಲವನ್ನು ಹಿಡಿದು ಹೊಲಿಯುವುದೇ ಅಂಡರ್‌ವೋಲ್ಟಿಂಗ್.

ಥ್ರಾಟಲ್‌ಸ್ಟಾಪ್‌ನಂಥ ತಂತ್ರಾಂಶಗಳಿಂದ ಕೆಲವು ಯಂತ್ರಗಳಲ್ಲಿ ಇದು ಸಾಧ್ಯ. ಎಲ್ಲದರಲ್ಲೂ ಅಲ್ಲ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ದೋಷ ಬೆಳಕಿಗೆ ಬಂತು. ವೋಲ್ಟೇಜ್ ಇಳಿಸುವ ಈ ದಾರಿಯಿಂದಲೇ ಸಂಸ್ಕಾರಕದೊಳಗಿನ ಗುಟ್ಟಿನ ಲೆಕ್ಕಗಳನ್ನು ಕೆಡಿಸಿ ಮಾಹಿತಿ ಕದಿಯಬಹುದೆಂದು ಸಂಶೋಧಕರು ತೋರಿಸಿದರು. ಆಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಬಾಗಿಲಿಗೆ ಬೀಗ ಬಿತ್ತು. ಬೀಗವಿದ್ದರೆ ಅದನ್ನು ಮುರಿಯುವ ಸಾಹಸ ಬೇಡ.

ಬೀಗವಿಲ್ಲದಿದ್ದರೆ 10 ಮಿಲಿವೋಲ್ಟಿನಂತೆ ಇಳಿಸುತ್ತ, ಪ್ರತಿ ಹಂತದಲ್ಲೂ ಅರ್ಧ ಗಂಟೆ ಕೆಲಸ ಕೊಟ್ಟು ನೋಡಬೇಕು. ಹೆಚ್ಚು ಇಳಿಸಿದರೆ ಸಂಸ್ಕಾರಕ ಸುಡುವುದಿಲ್ಲ, ಆದರೆ ತಪ್ಪು ಲೆಕ್ಕ ಮಾಡುತ್ತದೆ. ಪರದೆ ನೀಲಿಯಾಗಿ ಯಂತ್ರ ನಿಂತುಬಿಡಬಹುದು, ಬರೆದ ಕಡತ ಹಾಳಾಗಬಹುದು. ಆದ್ದರಿಂದ ಕಡತಗಳ ಪ್ರತಿಯನ್ನು ಬೇರೆಡೆ ಇಡದೆ ಇದಕ್ಕೆ ಇಳಿಯಬಾರದು. ಪರೀಕ್ಷೆಯ ವಾರದಲ್ಲಂತೂ ಬೇಡವೇ ಬೇಡ. ವೋಲ್ಟೇಜನ್ನು ಏರಿಸುವ ಕೆಲಸ ಎಂದೂ ಬೇಡ. ಅದು ಸಂಸ್ಕಾರಕವನ್ನೇ ಕೆಡಿಸಬಲ್ಲದು.

ಪಾಲಕರಿಗೆ ಇನ್ನೊಂದು ಮಾತು. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಆಗ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು. ಕೂಡಲೇ ಆಫ್ ಮಾಡಿ, ಚಾರ್ಜಿಗೆ ಹಾಕದೆ, ತಿಳಿದವರಿಗೆ ತೋರಿಸಿ. ಅಲ್ಲಿ ಬೆಂಕಿಯ ಭಯವಿದೆ.

ಹುಡುಗನ ಕಥೆ

ನಮ್ಮ ಹುಡುಗನಿಗೂ ನಾನು ಮಾಡಿಸಿದ್ದು ಇಷ್ಟೇ. ಪ್ರಾಜೆಕ್ಟಿನ ಒಂದು ಭಾರಿ ಕೆಲಸವನ್ನು ಓಡಿಸಿ ಸಮಯ ನೋಡಿದೆವು. 31 ನಿಮಿಷ ಹಿಡಿಯಿತು. ಉಷ್ಣತೆ 98 ಡಿಗ್ರಿ. ಮೂಲ ವೇಗ 1.6 ಗಿಗಾಹರ್ಟ್ಸ್, ಆದರೆ ಅದು ಒಮ್ಮೆ 3ಕ್ಕೆ ನೆಗೆದು ಮರುಕ್ಷಣ 0.8ಕ್ಕೆ ಬೀಳುತ್ತಿತ್ತು. ಮರುದಿನ ಪರಿಚಿತ ಮೆಕ್ಯಾನಿಕ್ ಬಿಚ್ಚಿದಾಗ ಫ್ಯಾನಿನ ಬಾಯಿಗೆ ಕಂಬಳಿಯ ತುಂಡಿನಂಥ ದೂಳಿನ ಪದರ ಸಿಕ್ಕಿತು. ಅದನ್ನು ತೆಗೆದ ಮೇಲೆ 24 ನಿಮಿಷ. ಉಷ್ಣತೆ ಮಾತ್ರ ಇನ್ನೂ 96. ಆಮೇಲೆ 100ನ್ನು 99 ಮಾಡಿದೆವು. ಕೆಲಸ 23 ನಿಮಿಷಕ್ಕೆ ಮುಗಿಯಿತು, ಉಷ್ಣತೆ 79 ಡಿಗ್ರಿ. ಟರ್ಬೊ ಬಿಟ್ಟುಕೊಟ್ಟರೂ ಯಂತ್ರ ಹಿಂದೆ ಬೀಳಲಿಲ್ಲ! ವೋಲ್ಟೇಜಿನ ಗೋಜಿಗೆ ನಾವು ಹೋಗಲೇ ಇಲ್ಲ.

ಹುಡುಗ ಒಂಬತ್ತನೆಯ ದಿನ ಪ್ರಾಜೆಕ್ಟ್ ಒಪ್ಪಿಸಿದ. ಹೊಸ ಲ್ಯಾಪ್‌ಟಾಪ್ ಮುಂದೆಂದಾದರೂ ಬೇಕಾದೀತು. ಹಳೆಯದಕ್ಕೂ ಆಯುಸ್ಸಿನ ಮಿತಿಯಿದೆ. ಆದರೆ ಈ ವರ್ಷ ಬೇಕಾಗಲಿಲ್ಲ, ಸಾಲವೂ ಬೇಕಾಗಲಿಲ್ಲ. ಮೊನ್ನೆ ಅಂಗಡಿಗೆ ಹೋದಾಗ ತಂದೆ ಬೆಲ್ಲ ತೂಗುತ್ತ ಕೇಳಿದರು: "ನೂರಕ್ಕ ಒಂದು ಕಮ್ಮಿ ಮಾಡಿದ್ರ ಇಷ್ಟು ಆಗ್ತದೇನ್ರಿ ಸರ್?"

"ಆಗ್ತದ್ರಿ. ಆದ್ರ ತಕ್ಕಡಿಯೊಳಗ ಮಾತ್ರ ಹಂಗ ಮಾಡಬ್ಯಾಡ್ರಿ" ಎಂದೆ. ಇಬ್ಬರೂ ನಕ್ಕೆವು.