ಕ್ಲಿಕ್ಕಿಸಿದ ಮೇಲೆ ಫೋಕಸ್!

ಮದುವೆ ಮನೆಯ ಫೋಟೊ. ಹಿಂದಿನ ತೋರಣ ಎಲೆ ಎಲೆಯಾಗಿ ಸ್ಪಷ್ಟವಾಗಿ ಬಂದಿದೆ. ಮುಂದೆ ಕೂತ ಅಜ್ಜಿಯ ಮುಖ ಮಾತ್ರ ಮಸುಕು. ಇಂಥ ಒಂದೆರಡು ಚಿತ್ರಗಳು ಎಲ್ಲರ ಆಲ್ಬಮ್ಮಿನಲ್ಲೂ ಇದ್ದೇ ಇರುತ್ತವೆ. ಚಿತ್ರ ತೆಗೆದು ಮನೆಗೆ ಬಂದ ಮೇಲೆ ನಿಧಾನವಾಗಿ ಫೋಕಸ್ ಸರಿಪಡಿಸುವಂತಿದ್ದರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೆನ್ ಎಂಗ್ ಎಂಬ ಸಂಶೋಧನಾ ವಿದ್ಯಾರ್ಥಿ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಮಾಡಿಯೇ ತೋರಿಸಿದರು.

ಅದು ಹೇಗೆಂದು ತಿಳಿಯಲು ಮಾಮೂಲಿ ಕ್ಯಾಮರಾ ಕಳೆದುಕೊಳ್ಳುವುದೇನು ಎಂದು ನೋಡಬೇಕು. ದೇವಸ್ಥಾನದ ಹುಂಡಿಯನ್ನು ಎಣಿಸಿದರೆ ಒಟ್ಟು ಹಣ ಎಷ್ಟೆಂದು ಗೊತ್ತಾಗುತ್ತದೆ. ಯಾವ ಬಾಗಿಲಿನಿಂದ ಬಂದವರು ಎಷ್ಟು ಹಾಕಿದರೆಂದು ಗೊತ್ತಾಗುವುದಿಲ್ಲ. ಕ್ಯಾಮರಾದ ಒಳಗಿನ ಸಂವೇದಕದ ಪ್ರತಿ ಚುಕ್ಕೆಯೂ ಅಂಥದೇ ಹುಂಡಿ. ಮಸೂರದ ಎಡದಿಂದ, ಬಲದಿಂದ, ನಡುವಿನಿಂದ ಬಂದ ಕಿರಣಗಳೆಲ್ಲ ಸೇರಿ ಒಂದೇ ಮೊತ್ತ. ದಿಕ್ಕಿನ ಲೆಕ್ಕ ಅಲ್ಲಿಗೇ ಮಾಯ! ದಿಕ್ಕಿನ ಸಮೇತ ಕಿರಣಗಳ ಪೂರ್ತಿ ಲೆಕ್ಕಕ್ಕೆ ‘ಲೈಟ್ ಫೀಲ್ಡ್’, ಅಂದರೆ ಬೆಳಕಿನ ಕ್ಷೇತ್ರ ಎಂದು ಹೆಸರು.

ಆ ಲೆಕ್ಕ ಇಡುವ ಉಪಾಯ ಹಳೆಯದು. ಫ್ರಾನ್ಸಿನ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ 1908ರಲ್ಲೇ ನೊಣದ ಕಣ್ಣಿನಂತೆ ಪುಟ್ಟ ಮಸೂರಗಳ ಸಾಲನ್ನು ಫಿಲ್ಮಿನ ಮುಂದಿಡುವ ಯೋಚನೆ ಮುಂದಿಟ್ಟಿದ್ದರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಆದರೆ ಅದು ವರ್ಣ ಛಾಯಾಗ್ರಹಣದ ಬೇರೆ ಕೆಲಸಕ್ಕೆ. ಪುಟ್ಟ ಮಸೂರಗಳು ಕೊಡುವ ಲೆಕ್ಕವನ್ನು ಬಿಡಿಸಲು ಕಂಪ್ಯೂಟರ್ ಬೇಕಿತ್ತು.

ಎಂಗ್ ತಂಡ ಸಂವೇದಕದ ಮುಂದೆ 296 ಸಾಲು, ಸಾಲಿಗೆ 296ರಂತೆ ಸೂಕ್ಷ್ಮ ಮಸೂರಗಳನ್ನು ಜೋಡಿಸಿತು. ಒಂದೊಂದರ ಅಗಲ ಮಿಲಿಮೀಟರಿನ ಎಂಟನೇ ಒಂದು ಭಾಗ. ಅವು ಕಿರಣಗಳನ್ನು ದಿಕ್ಕಿಗೆ ತಕ್ಕಂತೆ ಹಿಂದಿನ ಬೇರೆ ಬೇರೆ ಚುಕ್ಕೆಗಳಿಗೆ ಹಂಚುತ್ತವೆ. ಎಲ್ಲ ಪುಟ್ಟ ಮಸೂರಗಳ ಹಿಂದಿನ ಎಡತುದಿಯ ಚುಕ್ಕೆಗಳನ್ನಷ್ಟೇ ಆರಿಸಿ ಜೋಡಿಸಿದರೆ ದೊಡ್ಡ ಮಸೂರದ ಒಂದು ಅಂಚಿನಿಂದ ಕಂಡ ನೋಟ ಸಿಗುತ್ತದೆ. ಬಲತುದಿಯವನ್ನು ಜೋಡಿಸಿದರೆ ಇನ್ನೊಂದು ಅಂಚಿನ ನೋಟ. ರೈಲಿನ ಕಿಟಕಿಯಿಂದ ನೋಡುವಾಗ ಹತ್ತಿರದ ಕಂಬ ಬೇಗ ಸರಿಯುತ್ತದೆ, ದೂರದ ಗುಡ್ಡ ಸರಿದೂ ಸರಿಯದಂತಿರುತ್ತದೆಯಲ್ಲ, ಈ ನೋಟಗಳ ನಡುವೆಯೂ ಹಾಗೆಯೇ. ಅಜ್ಜಿಯ ಮುಖ ಒಂದರ ಮೇಲೊಂದು ಕೂರುವಂತೆ ನೋಟಗಳನ್ನು ಸರಿಸಿ ಕೂಡಿಸಿದರೆ ಮುಖ ಸ್ಪಷ್ಟ, ತೋರಣ ಮಸುಕು. ಇನ್ನೊಂದು ಅಳತೆಗೆ ಸರಿಸಿದರೆ ತೋರಣ ಸ್ಪಷ್ಟ.

ಎರಡು ಚಿತ್ರಗಳ ನಡುವೆ ಯಾವ ಚುಕ್ಕೆ ಎಲ್ಲಿಗೆ ಸರಿಯಿತೆಂದು ಹುಡುಕುವುದೇ ‘ಆಪ್ಟಿಕಲ್ ಫ್ಲೋ’. 1981ರಲ್ಲಿ ಎಂಐಟಿಯ ಹಾರ್ನ್ ಮತ್ತು ಶುಂಕ್ ಇದಕ್ಕೊಂದು ಗಣಿತದ ದಾರಿ ತೋರಿದರು. ಇದು ಸುಲಭದ ಕೆಲಸವಲ್ಲ. ಬರೀ ಬಿಳಿ ಗೋಡೆಯಲ್ಲಿ ಯಾವ ಚುಕ್ಕೆ ಎಲ್ಲಿಗೆ ಹೋಯಿತೆಂದು ಕಂಪ್ಯೂಟರ್ ಹೇಗೆ ತಾನೇ ಹೇಳೀತು!

ಇಷ್ಟಕ್ಕೆ ತೆರಬೇಕಾದ ಬೆಲೆ ದೊಡ್ಡದು. ಎಂಗ್ ಸಂವೇದಕದಲ್ಲಿದ್ದ ಚುಕ್ಕೆಗಳು 1.6 ಕೋಟಿ, ಅಂತಿಮ ಚಿತ್ರದಲ್ಲಿ ಉಳಿದದ್ದು ಸುಮಾರು 88 ಸಾವಿರ. ಉಳಿದವೆಲ್ಲ ದಿಕ್ಕಿನ ಲೆಕ್ಕಕ್ಕೇ ಖರ್ಚು. ಎಂಗ್ ಕಟ್ಟಿದ ಲೈಟ್ರೊ ಕಂಪನಿ 2012ರಲ್ಲಿ 399 ಡಾಲರಿನ ಕ್ಯಾಮರಾ ಮಾರುಕಟ್ಟೆಗೆ ತಂದಾಗಲೂ ಇದೇ ಕೊರತೆ ಕಾಡಿತು. ಜೇಬಿನ ಮೊಬೈಲೇ ಹೆಚ್ಚು ಸ್ಪಷ್ಟ ಚಿತ್ರ ಕೊಡುವಾಗ ಜನ ಇನ್ನೊಂದು ಕ್ಯಾಮರಾ ಏಕೆ ಹೊತ್ತಾರು? 2018ರಲ್ಲಿ ಕಂಪನಿ ಮುಚ್ಚಿತು.

ಆದರೆ ಉಪಾಯ ಮುಚ್ಚಲಿಲ್ಲ. 2005ರ ತಂಡದಲ್ಲಿದ್ದ ಮಾರ್ಕ್ ಲೆವಾಯ್ ಮುಂದೆ ಗೂಗಲ್ ಸೇರಿದರು. ಆ ಕಂಪನಿಯ 2017ರ ಪಿಕ್ಸೆಲ್ 2 ಫೋನಿನಲ್ಲಿ ಪ್ರತಿ ಚುಕ್ಕೆ ಎರಡು ಹೋಳು: ಒಂದು ಮಸೂರದ ಎಡಭಾಗದಿಂದ ನೋಡಿದರೆ ಇನ್ನೊಂದು ಬಲಭಾಗದಿಂದ. ಹಿನ್ನೆಲೆ ಮಸುಕಾಗಿಸುವ ಭಾವಚಿತ್ರಕ್ಕೆ ಆ ಎರಡೇ ನೋಟಗಳು ನೆರವಾದವು.

ಸೂಕ್ಷ್ಮದರ್ಶಕದಲ್ಲಂತೂ ಈ ನಷ್ಟದ ವ್ಯಾಪಾರವೇ ಲಾಭದ್ದು. ಜೀವಂತ ಹುಳುವಿನ ನರಕೋಶಗಳು ಕ್ಷಣದಲ್ಲಿ ಮಿನುಗಿ ಆರುತ್ತವೆ. ಪದರ ಪದರವಾಗಿ ಫೋಕಸ್ ಮಾಡುತ್ತ ಕೂತರೆ ಕ್ಷಣ ಕಳೆದಿರುತ್ತದೆ. 2014ರಲ್ಲಿ ವಿಯೆನ್ನಾ ಮತ್ತು ಎಂಐಟಿ ವಿಜ್ಞಾನಿಗಳು ಪುಟ್ಟ ಮಸೂರಗಳ ಇದೇ ಸಾಲನ್ನು ಬಳಸಿ, ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಮಂಡಲದಲ್ಲಿ ಮೇಲಿನ, ಕೆಳಗಿನ ಕೋಶಗಳೆರಡರ ಮಿನುಗನ್ನೂ ಒಂದೇ ಹೊಡೆತಕ್ಕೆ ಸೆರೆಹಿಡಿದರು.